ವಾರ್ಡಿಗೆ ಹೋಗುವ ಮುನ್ನ ಕೈ ಪಳಗಲಿ

ಮಿಡ್‌ವೈಫರಿ (ಹೆರಿಗೆ ಆರೈಕೆ) ಬೋಧಕರು, ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಅಭ್ಯಾಸದ ಮಗುವಿನ ಬೊಂಬೆಗೆ, ಕೈಯಲ್ಲಿ ಒತ್ತಿ ಗಾಳಿ ಕೊಡುವ ಬ್ಯಾಗ್-ಮಾಸ್ಕ್‌ನಿಂದ ಉಸಿರು ಕೊಡುವಾಗ ವಿದ್ಯಾರ್ಥಿಗಳು ಬ್ಯಾಗನ್ನು ಬಲವಾಗಿಯೇ ಒತ್ತುತ್ತಾರೆ. ಆದರೂ ಎದೆ ಏಳುವುದಿಲ್ಲ. ತಪ್ಪು ಎಲ್ಲಿದೆ?

ಉತ್ತರ: ಬಲದಲ್ಲಿ ಅಲ್ಲ, ಬಹುಪಾಲು ಮಾಸ್ಕ್ ಕೂರಿಸುವುದರಲ್ಲಿ ಅಥವಾ ಕತ್ತಿನಲ್ಲಿ. ಮಾಸ್ಕ್ ಗಲ್ಲದ (ಗದ್ದದ) ತುದಿ, ಬಾಯಿ, ಮೂಗನ್ನು ಮುಚ್ಚಬೇಕು. ಕಣ್ಣಿನ ಮೇಲೆ ಹೋಗಕೂಡದು. ಗಲ್ಲದ ಕಡೆಯಿಂದ ಕೂರಿಸಿಕೊಂಡು ಬನ್ನಿ. ಹೆಬ್ಬೆರಳು, ತೋರುಬೆರಳು ಮಾಸ್ಕ್ ಹಿಡಿಯಲಿ. ಉಳಿದ ಬೆರಳುಗಳು ದವಡೆಯ ಮೂಳೆಯನ್ನು ಮೇಲಕ್ಕೆತ್ತಲಿ. ಗಾಬರಿಯಾದವರು ಮಾಡುವುದು ಇದರ ಉಲ್ಟಾ: ಮಾಸ್ಕನ್ನೇ ಮುಖದ ಮೇಲೆ ಅದುಮುತ್ತಾರೆ. ಗಲ್ಲ ಎದೆಗೆ ಬಾಗಿ ಉಸಿರಿನ ದಾರಿ ಮುಚ್ಚುತ್ತದೆ. ಗಲ್ಲದಡಿಯ ಮೆತ್ತನೆ ಭಾಗಕ್ಕೆ ಬೆರಳು ಒತ್ತಿದರೂ ನಾಲಿಗೆ ಹಿಂದಕ್ಕೆ ಸರಿದು ಅದೇ ಆಗುತ್ತದೆ. ಕತ್ತು ಸ್ವಲ್ಪವೇ ಹಿಂದಕ್ಕೆ ಬಾಗಿರಲಿ. ಭುಜದಡಿ ಇಡುವ ಬಟ್ಟೆಯ ಮಡಿಕೆ ದಪ್ಪವಾದರೆ ತಲೆ ಹಿಂದಕ್ಕೆ ಜೋತು, ದಾರಿ ಮತ್ತೆ ಮುಚ್ಚುತ್ತದೆ.

ಇಷ್ಟಾದರೂ ಎದೆ ಏಳದಿದ್ದರೆ ಕ್ರಮ ಇದು: ಮಾಸ್ಕ್ ಮತ್ತೆ ಕೂರಿಸಿ, ತಲೆ ಸರಿಪಡಿಸಿ, ಮೊದಲು ಬಾಯಿ ಆಮೇಲೆ ಮೂಗು ಶುಚಿ ಮಾಡಿ, ಬಾಯಿ ತುಸು ತೆರೆಸಿ. ಒತ್ತಡ ಹೆಚ್ಚಿಸುವುದು ಇವೆಲ್ಲ ಆದ ಮೇಲೆ. ವೇಗ ನಿಮಿಷಕ್ಕೆ 40ರಿಂದ 60. ‘ಒತ್ತು, ಎರಡು, ಮೂರು’ ಎಂದು ಬಾಯಿಬಿಟ್ಟು ಎಣಿಸಲಿ. ಮನಸ್ಸಿನಲ್ಲಿ ಎಣಿಸಿದರೆ ಲಯ ಓಡುತ್ತದೆ. ಅಳದ ಮಗುವನ್ನು ಒರೆಸಿ, ಬೆನ್ನು ಉಜ್ಜಿ, ಅಗತ್ಯವಿದ್ದರೆ ಮೊದಲ ಉಸಿರು ಕೊಡುವುದೆಲ್ಲ ಒಂದು ನಿಮಿಷದೊಳಗೆ ಆಗಬೇಕು.

ಒಂದು ಕಿವಿಮಾತು: ಕೆಲವೊಮ್ಮೆ ಬೇಕೆಂದೇ ತಪ್ಪು ಅಳತೆಯ ಮಾಸ್ಕ್, ಗಾಳಿ ಸೋರುವ ಬ್ಯಾಗ್ ಇಡಿ. ಮಾಸ್ಕನ್ನು ಅಂಗೈಗೆ ಮುಚ್ಚಿ ಬ್ಯಾಗ್ ಒತ್ತಿದರೆ ಒತ್ತಡ ತಾಗಬೇಕು, ಬಿಟ್ಟಾಗ ಬ್ಯಾಗ್ ಉಬ್ಬಬೇಕು. ಅಚ್ಚುಕಟ್ಟಾದ ಮೇಜಿನಲ್ಲಷ್ಟೇ ಕಲಿತವರಿಗೆ ಈ ಪರೀಕ್ಷೆ ನೆನಪಿಗೇ ಬರುವುದಿಲ್ಲ.

ಪ್ರಶ್ನೆ: ಹೆರಿಗೆಯಾದ ಮೇಲೆ ಹೋದ ರಕ್ತದ ಅಂದಾಜನ್ನು ಲ್ಯಾಬಿನಲ್ಲಿ ಕಲಿಸಬಹುದೇ?

ಉತ್ತರ: ಖಂಡಿತ. ನೀರಿಗೆ ಕೆಂಪು ಬಣ್ಣ, ಸ್ವಲ್ಪ ಕಾರ್ನ್‌ಫ್ಲೋರ್ ಬೆರೆಸಿ. 100, 250, 500, 750 ಮಿಲಿಲೀಟರ್ ಅಳೆದು ಪ್ಯಾಡ್, ಹಾಸು, ಟ್ರೇ, ನೆಲದ ಮೇಲೆ ಬೇರೆಬೇರೆಯಾಗಿ ಸುರಿಯಿರಿ. ಪ್ರತಿಯೊಬ್ಬರೂ ಮಾತಾಡದೆ ಅಂದಾಜು ಬರೆಯಲಿ, ಆಮೇಲೆ ನಿಜ ಹೇಳಿ. ನಷ್ಟ ಹೆಚ್ಚಿದಷ್ಟೂ ಕಣ್ಣು ಕಡಿಮೆ ಹೇಳುವುದು ಅವರಿಗೇ ಅರಿವಾಗುತ್ತದೆ. ನಂತರ ತೂಕ: ನೆನೆದ ಪ್ಯಾಡಿನ ತೂಕದಲ್ಲಿ ಒಣ ಪ್ಯಾಡಿನದನ್ನು ಕಳೆಯಿರಿ, 1 ಗ್ರಾಂ ಅಂದರೆ ಸುಮಾರು 1 ಮಿಲಿಲೀಟರ್. ಅಳತೆಗೆರೆಗಳಿರುವ ಚೀಲದಂಥ ಹಾಸು ಸಿಕ್ಕರೆ ಇನ್ನೂ ಒಳ್ಳೆಯದು. ಅದನ್ನು ಬಳಸಿ ರಕ್ತಸ್ರಾವವನ್ನು ಬೇಗ ಗುರುತಿಸಿ, ಚಿಕಿತ್ಸೆಗಳನ್ನು ಒಟ್ಟಿಗೆ ಕೊಟ್ಟಾಗ ತೀವ್ರ ರಕ್ತಸ್ರಾವ ಗಣನೀಯವಾಗಿ ತಗ್ಗಿದ್ದನ್ನು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನ ತೋರಿಸಿದೆ. ಹಾಗಾಗಿ ಅಂಕಿ ಬರೆಸಿ ನಿಲ್ಲಿಸಬೇಡಿ: ಸಹಾಯಕ್ಕೆ ಕೂಗು, ಗರ್ಭಕೋಶ ತಿಕ್ಕುವುದು, ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಔಷಧಿಯ ತಯಾರಿ ಅಲ್ಲೇ ನಡೆಯಲಿ.

ಪ್ರಶ್ನೆ: ಹೆರಿಗೆಯ ವೇಳೆ ಗರ್ಭಕೊರಳು (ಗರ್ಭಕೋಶದ ಬಾಯಿ) ಎಷ್ಟು ತೆರೆದಿದೆ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರಲ್ಲ?

ಉತ್ತರ: ತಮ್ಮ ಬೆರಳಿನ ಅಳತೆ ಅವರಿಗೆ ಗೊತ್ತಿಲ್ಲ. ತೋರುಬೆರಳು, ನಡುಬೆರಳನ್ನು ಸ್ಕೇಲಿನ ಮೇಲೆ ಅಗಲಿಸಿ ತಮ್ಮ 4, 6, 8 ಸೆಂಟಿಮೀಟರ್ ಹೇಗಿರುತ್ತದೆಂದು ಮೊದಲು ಕಲಿಯಲಿ. ಬಳಿಕ 1ರಿಂದ 10 ಸೆಂಟಿಮೀಟರ್ ಬಳೆಗಳನ್ನು ಬಟ್ಟೆಯಡಿ ಇಟ್ಟು ನೋಡದೆ ಹೇಳಿಸಿ. ಗಟ್ಟಿ ಪ್ಲಾಸ್ಟಿಕ್ ಹಿಗ್ಗುವುದಿಲ್ಲ, ಗರ್ಭಕೊರಳು ಹಿಗ್ಗುತ್ತದೆ. ಹಿಗ್ಗಿಸಿ ಅಳೆದರೆ ಲೆಕ್ಕ ಹೆಚ್ಚಾಗುತ್ತದೆ. ಮೆತ್ತನೆ ರಬ್ಬರ್ ಬಳೆಗಳನ್ನೂ ಸೇರಿಸಿ.

ಪ್ರಶ್ನೆ: ಎಷ್ಟು ಸಲ ಮಾಡಿದರೆ ಸಾಕು?

ಉತ್ತರ: ಸಲ ಎಣಿಸಬೇಡಿ. ಯಾರೂ ನೆನಪಿಸದೆ ಸತತ ಎರಡು ಬಾರಿ ತಪ್ಪಿಲ್ಲದೆ ಮಾಡಲಿ, ಎರಡು ವಾರ ಬಿಟ್ಟು ಇನ್ನೊಮ್ಮೆ. ಬೊಂಬೆಯನ್ನು ಮುಟ್ಟುವ ಮುನ್ನ, ಎದುರಿಗೆ ನಿಜವಾದ ತಾಯಿಯೇ ಇದ್ದಂತೆ ಒಪ್ಪಿಗೆ ಕೇಳುವುದೂ ಪರೀಕ್ಷೆಯ ಪಟ್ಟಿಯಲ್ಲಿರಲಿ. ಕೇಳದಿದ್ದರೆ ಆ ಸಲ ಫೇಲ್.