ಕ್ಯಾಲಿಬರ್ ಆಮೇಲೆ, ಮೊದಲು ದೂರ ಅಳೆಯಿರಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಜಿಂಕೆ, ಕೈಬಂದೂಕು, ಕೋವಿ ಲೈಸೆನ್ಸು: ಈ ಸಲದ ಪ್ರಶ್ನೆಗಳೆಲ್ಲ ಇವುಗಳ ಸುತ್ತಲೇ ಇವೆ. ಎರಡು ಅಮೆರಿಕದ ಬೇಟೆಯವು, ಉಳಿದವು ಹೆಚ್ಚಾಗಿ ನಮ್ಮ ಹೊಲಗಳವು. ಎರಡೂ ಕಡೆಯ ಕಾನೂನು ಬೇರೆ ಬೇರೆ. ಗುಂಡು ಪ್ರಾಣಿಯ ಮೈಯಲ್ಲಿ ಮಾಡುವ ಕೆಲಸ ಮಾತ್ರ ಎಲ್ಲ ಕಡೆಯೂ ಒಂದೇ.

ಪ್ರಶ್ನೆ: ನನ್ನ ತಮ್ಮ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದಾನೆ. ನವೆಂಬರ್‌ನಲ್ಲಿ ಆಫೀಸಿನ ಗೆಳೆಯರ ಜೊತೆ ಬಿಳಿಬಾಲದ ಜಿಂಕೆ ಬೇಟೆಗೆ ಹೋಗುತ್ತಾನಂತೆ. ಅವರೆಲ್ಲ ರಿವಾಲ್ವರ್‌ನಲ್ಲಿ ಹೊಡೆಯುವವರು. ಇವನು ಇದುವರೆಗೆ ಬಂದೂಕು ಮುಟ್ಟಿದವನಲ್ಲ. ಪಾಯಿಂಟ್ 357 ಕೊಳ್ಳಬೇಕೋ, ಪಾಯಿಂಟ್ 44 ಕೊಳ್ಳಬೇಕೋ?
(ಓದುಗರು, ಗೌರಿಬಿದನೂರು)

ಉತ್ತರ: ಅಂಗಡಿಗೆ ಹೋಗುವ ಮೊದಲು ನಿಮ್ಮ ತಮ್ಮ ಕಾಗದಪತ್ರ ಸರಿ ಮಾಡಿಕೊಳ್ಳಲಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಕೊಳ್ಳುವುದನ್ನಷ್ಟೇ ಅಲ್ಲ, ಕೈಯಲ್ಲಿ ಇಟ್ಟುಕೊಳ್ಳುವುದನ್ನೂ ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸು. ಟೆಕ್ಸಾಸ್‌ನ ಲೈಸೆನ್ಸು ಆಗಸ್ಟ್ 31ಕ್ಕೆ ಮುಗಿಯುತ್ತದೆ. ಮುಗಿದ ಮೇಲೂ ರಿವಾಲ್ವರ್ ಮನೆಯಲ್ಲಿದ್ದರೆ ಅದೇ ಅಪರಾಧವಾಗಿ ವೀಸಾಕ್ಕೇ ಕುತ್ತು ಬರಬಹುದು. ಗೆಳೆಯರ ಬಂದೂಕನ್ನು ಎರವಲು ಪಡೆದು ಹಿಡಿದರೂ ಇದೇ ನಿಯಮ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಟೆಕ್ಸಾಸ್‌ನಲ್ಲಿ ಬೇಟೆಗಾರರ ಶಿಕ್ಷಣ ಕೋರ್ಸನ್ನೂ ಮುಗಿಸಿರಬೇಕು. ಅಂಗಡಿಯಿಂದ ಕೈಬಂದೂಕು ಕೊಳ್ಳಲು ವಯಸ್ಸು 21 ಆಗಿರಬೇಕು.

ಇನ್ನು ಕ್ಯಾಲಿಬರ್, ಅಂದರೆ ಗುಂಡಿನ ಅಡ್ಡಳತೆ. ಹೊಸಬರು ಎಡವುವುದು ಇಲ್ಲಿಯೇ: ದೊಡ್ಡ ಗುಂಡು ಕೊಂಡರೆ ದೂರದಿಂದ ಹೊಡೆಯಬಹುದು ಎಂದುಕೊಳ್ಳುತ್ತಾರೆ. ರಿವಾಲ್ವರ್‌ನಲ್ಲಿ ಅದು ನಡೆಯುವುದಿಲ್ಲ. ಜಿಂಕೆಯ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಪಕ್ಕದಿಂದ ನೋಡಿದರೆ ಸುಮಾರು 8 ಇಂಚಿನ ಊಟದ ತಟ್ಟೆಯಷ್ಟು. ಕಾಡಿನಲ್ಲಿ ಬೇಟೆಗಾರನ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಏರಿರುತ್ತದೆ. ಅದಕ್ಕೆ ಅವಕಾಶ ಬಿಟ್ಟು 6 ಇಂಚಿನ ಕಾಗದದ ತಟ್ಟೆ ಇಟ್ಟು ಅಭ್ಯಾಸ ಮಾಡಬೇಕು. ಬೆಂಚಿಗೆ ಒರಗಿಕೊಂಡಲ್ಲ, ಕುಳಿತು, ಮೊಣಕಾಲ ಮೇಲೆ ಕೈಯೂರಿ, ಬೇಟೆಯಲ್ಲಿ ಹೇಗೆ ಹೊಡೆಯುತ್ತಾನೋ ಹಾಗೆಯೇ. ಆರಕ್ಕೆ ಆರು ಗುಂಡೂ ಆ ತಟ್ಟೆಯೊಳಗೆ ಬೀಳುವ ದೂರ ಯಾವುದೋ ಅದೇ ಅವನ ಬೇಟೆಯ ದೂರ. ಹೊಸಬರಿಗೆ ಅದು 25 ಗಜ ಇರಬಹುದು, ಚೆನ್ನಾಗಿ ಪಳಗಿದವರಿಗೆ 50 ಅಥವಾ 75. ಯಾವ ತೋಟಾ ಬೇಕೆಂಬುದನ್ನು ಈ ದೂರ ನೋಡಿಯೇ ತೀರ್ಮಾನಿಸಬೇಕು.

.357 ಮ್ಯಾಗ್ನಮ್ (ಮ್ಯಾಗ್ನಮ್ ಎಂದರೆ ಹೆಚ್ಚು ಬಲದ ತೋಟಾ) ಬಂದದ್ದು 1935ರಲ್ಲಿ. ಅದರ 158 ಗ್ರೇನ್ ಗುಂಡು (ಸುಮಾರು 10 ಗ್ರಾಂ) ಸೆಕೆಂಡಿಗೆ 375 ಮೀಟರ್ ಆಸುಪಾಸಿನಲ್ಲಿ ಹೊರಟು 700 ಜೂಲ್‌ಗಿಂತ ತುಸು ಹೆಚ್ಚು ಶಕ್ತಿ ಕೊಡುತ್ತದೆ. ಜಿಂಕೆಗೆ ಇದು ಕೆಳಮಿತಿ ಎನ್ನಬೇಕು. 50 ಗಜ ದಾಟಿ ಪ್ರಯೋಗಿಸಬಾರದು. 1955ರ .44 ಮ್ಯಾಗ್ನಮ್ 240 ಗ್ರೇನ್ ಗುಂಡನ್ನು (15.5 ಗ್ರಾಂ) ಅದೇ ವೇಗದಲ್ಲಿ ಅಥವಾ ಇನ್ನೂ ತುಸು ಹೆಚ್ಚಿನ ವೇಗದಲ್ಲಿ ಎಸೆಯುತ್ತದೆ, ಶಕ್ತಿ 1,100ರಿಂದ 1,300 ಜೂಲ್. ಹೊಡೆಯುವ ಕೈ ಪಳಗಿದ್ದರೆ 75 ಗಜ, ದುರ್ಬೀನು ಕೂರಿಸಿದರೆ 100 ಗಜದವರೆಗೂ ಕೆಲಸ ಕೊಡುತ್ತದೆ. ಆದರೆ ಅದರ ಒದೆತ .357ರ ಸುಮಾರು ಎರಡರಷ್ಟು. ಮೊದಲ ದಿನವೇ .44 ಹಿಡಿದವರು ಮೂರನೇ ಗುಂಡಿಗೆ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚಿ ಮಣಿಕಟ್ಟು ಕೆಳಕ್ಕೆ ತಳ್ಳತೊಡಗುತ್ತಾರೆ. ಗುಂಡು ಜಿಂಕೆಯ ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ಈ ಅಳುಕು ಒಮ್ಮೆ ಕೈಗೆ ಹತ್ತಿದರೆ ಬಿಡಿಸಲು ತಿಂಗಳುಗಳೇ ಬೇಕು. .454 ಕ್ಯಾಸಲ್, 2003ರ .500 ಸ್ಮಿತ್ ಅಂಡ್ ವೆಸ್ಸನ್ ಇವೆಲ್ಲ ಕರಡಿ, ಮೂಸ್‌ನಂಥ ದೊಡ್ಡ ಪ್ರಾಣಿಗಳ ಲೆಕ್ಕದವು. ಜಿಂಕೆಗೆ ಬೇಡ, ಹೊಸಬರಿಗೆ ಖಂಡಿತ ಬೇಡ.

ಆಸ್ಟಿನ್ ಸುತ್ತಲಿನ ಗುಡ್ಡಗಾಡಿನ ಬಿಳಿಬಾಲದ ಜಿಂಕೆ ಉತ್ತರದ ರಾಜ್ಯಗಳ ಜಿಂಕೆಗಿಂತ ಮೈಯಲ್ಲಿ ಸಣ್ಣದು. ಹಾಗಾಗಿ ನಮ್ಮ ಸಲಹೆ: ಆರು ಇಂಚಿನ ನಳಿಕೆಯ, ತೂಕವಾದ ಸ್ಟೀಲಿನ .357 ರಿವಾಲ್ವರ್. ರೂಗರ್ ಜಿಪಿ100, ಸ್ಮಿತ್ ಅಂಡ್ ವೆಸ್ಸನ್ 686 ಇವೆರಡೂ ಈ ಜಾತಿಯವು. ಮೈಮೇಲೆ ಕಟ್ಟಿಕೊಳ್ಳಲೆಂದು ಮಾಡಿದ ಎರಡು ಇಂಚಿನ ಹಗುರ ರಿವಾಲ್ವರ್ ಇದಕ್ಕಲ್ಲ. ನಳಿಕೆ ಗಿಡ್ಡವಾದಷ್ಟೂ ವೇಗ ಬೀಳುತ್ತದೆ, ಗುರಿ ಹಿಡಿಯಲು ಬಂದೂಕಿನ ಮೇಲಿರುವ ಮುಂದಿನ ಮತ್ತು ಹಿಂದಿನ ಗುರಿಗುಬ್ಬಿಗಳ ಅಂತರವೂ ಕಡಿಮೆಯಾಗಿ ಸಣ್ಣ ತಪ್ಪು ದೊಡ್ಡದಾಗುತ್ತದೆ. .44 ಬೇಕೇಬೇಕೆಂದರೆ ಏಳೂವರೆ ಇಂಚಿನ ರೂಗರ್ ಸೂಪರ್ ಬ್ಲ್ಯಾಕ್‌ಹಾಕ್ ಅಥವಾ ಸೂಪರ್ ರೆಡ್‌ಹಾಕ್ ಕೊಂಡು, ಅದರಲ್ಲಿ ಮೊದಲ ಮುನ್ನೂರು ಗುಂಡು .44 ಸ್ಪೆಷಲ್ ಎಂಬ ಕಡಿಮೆ ಬಲದ ತೋಟಾ ಹಾಕಿ ಪಳಗಲಿ. .357ರಲ್ಲಿ .38 ಸ್ಪೆಷಲ್ ಹಾಗೆಯೇ ನಡೆಯುತ್ತದೆ. ಅಭ್ಯಾಸದ ಈ ತೋಟಾಗಳ ಕೇಸು (ಗುಂಡು, ಮದ್ದು ಹಿಡಿದಿಡುವ ಲೋಹದ ಕೊಳವೆ) ಮ್ಯಾಗ್ನಮ್‌ಗಿಂತ ಸುಮಾರು 3 ಮಿಲಿಮೀಟರ್ ಗಿಡ್ಡ. ಹೆಚ್ಚು ಹೊಡೆದ ಮೇಲೆ ಸಿಲಿಂಡರಿನ ಒಳಗೆ ಮಸಿಯ ಉಂಗುರ ಕಟ್ಟುತ್ತದೆ. ಅದನ್ನು ಬ್ರಷ್ ಹಾಕಿ ಉಜ್ಜದೆ ಮ್ಯಾಗ್ನಮ್ ತುಂಬಿದರೆ ಖಾಲಿ ಕೇಸು ಒಳಗೇ ಕಚ್ಚಿಕೊಂಡು ಬೇಟೆಯ ದಿನ ಹೊರಬರುವುದಿಲ್ಲ.

ಗುಂಡಿನ ಮೂತಿಯೂ ಮುಖ್ಯ. ಆತ್ಮರಕ್ಷಣೆಗೆಂದು ಮಾರುವ 125 ಗ್ರೇನಿನ ಟೊಳ್ಳುಮೂತಿ ಗುಂಡು ಬೇಗ ಅರಳಿ ಭುಜದ ಮೂಳೆಯಲ್ಲೇ ನಿಂತುಬಿಡಬಹುದು. ಪೂರ್ತಿ ತಾಮ್ರ ಹೊದಿಸಿದ ಅಭ್ಯಾಸದ ಗುಂಡು ಅರಳುವುದೇ ಇಲ್ಲ. ಸಣ್ಣ ತೂತು ಮಾಡಿಕೊಂಡು ಆಚೆ ಹೋಗುತ್ತದೆ, ಜಿಂಕೆ ಮೈಲಿಗಟ್ಟಲೆ ಓಡಿ ಎಲ್ಲೋ ನರಳಿ ಸಾಯುತ್ತದೆ. .357ರಲ್ಲಿ 158ರಿಂದ 180 ಗ್ರೇನಿನ, .44ರಲ್ಲಿ 240 ಗ್ರೇನಿನ ಮೆದುಮೂತಿ ಗುಂಡು ಸರಿ. 1873ರ ಹಳೆಯ .45 ಕೋಲ್ಟ್ ಅಲ್ಲಿ ಅಗ್ಗಕ್ಕೆ ಸಿಕ್ಕರೂ ಎಚ್ಚರ: ಇಂದಿನ ಭಾರೀ ಮದ್ದಿನ ತೋಟಾ ಹಳೆಯ ಸಿಲಿಂಡರನ್ನು ಸೀಳಬಲ್ಲದು. ಇನ್ನು .22ರಂಥ ರಿಮ್‌ಫೈರ್ (ಬುಡದ ಅಂಚಿಗೆ ಬಡಿದಾಗ ಸಿಡಿಯುವ) ತೋಟಾದಿಂದ ಜಿಂಕೆ ಹೊಡೆಯುವುದು ಟೆಕ್ಸಾಸ್‌ನಲ್ಲಿ ಕಾನೂನಿಗೇ ವಿರುದ್ಧ.

ಗುರಿಯನ್ನು 50 ಗಜಕ್ಕೆ ಹೊಂದಿಸಿಕೊಳ್ಳಲಿ. ಹಾಗೆ ಹೊಂದಿಸಿದ .44 ಗುಂಡು 100 ಗಜದಲ್ಲಿ ಐದಾರು ಇಂಚು ಕೆಳಗೆ ಬೀಳುತ್ತದೆ ಎಂಬುದು ನೆನಪಿರಲಿ. ರಿವಾಲ್ವರ್‌ನ ಹಿಂಬದಿಯಲ್ಲಿರುವ ಸುತ್ತಿಗೆಯನ್ನು (ಹ್ಯಾಮರ್) ಹೆಬ್ಬೆರಳಿನಿಂದ ಹಿಂದಕ್ಕೆಳೆದು ಹೊಡೆಯಬೇಕು. ಆಗ ಟ್ರಿಗರ್ ಹಗುರ, ಗುರಿ ಅಲುಗುವುದಿಲ್ಲ. ಆಸರೆಗೆ ಕೋಲೋ ಕೊಂಬೆಯೋ ಇದ್ದರೆ ಅದರ ಮೇಲೆ ಕೈ ಊರಬೇಕು, ನಳಿಕೆ ಊರಬಾರದು. ಗಟ್ಟಿ ವಸ್ತುವಿಗೆ ತಾಗಿದ ನಳಿಕೆ ಜಿಗಿದು ಗುಂಡು ಮೇಲೆ ಹೋಗುತ್ತದೆ. ಸಿಲಿಂಡರ್ ಮತ್ತು ನಳಿಕೆಯ ನಡುವಿನ ಕೂದಲೆಳೆ ಸಂದಿನಿಂದ ಬಿಸಿ ಅನಿಲ ಚಿಮ್ಮುತ್ತದೆ, ಬೆರಳು ಅಲ್ಲಿದ್ದರೆ ಕತ್ತರಿಸಿದಂತೆ ಗಾಯವಾಗುತ್ತದೆ. ರೈಫಲ್ ಹಿಡಿದ ಅಭ್ಯಾಸದಲ್ಲಿ ಎಡಗೈ ಮುಂದಕ್ಕೆ ಚಾಚುವವರಿಗೆ ಆಗುವ ಅನಾಹುತ ಇದೇ. ಕಿವಿಗೆ ರಕ್ಷಣೆ ಒಂದೇ ಒಂದು ಗುಂಡಿಗೂ ಬೇಕು. ಮ್ಯಾಗ್ನಮ್ ಶಬ್ದ ಒಂದೇ ಸಲಕ್ಕೆ ಕಾಯಂ ಕಿವುಡು ತರಬಲ್ಲದು.

ಹೊಡೆಯುವಾಗ ಜಿಂಕೆ ಪೂರ್ತಿ ಅಡ್ಡಲಾಗಿ ಅಥವಾ ತುಸು ಆಚೆಗೆ ತಿರುಗಿ ನಿಂತಿರಬೇಕು. ಮುಂಗಾಲಿನ ಹಿಂಬದಿಗೆ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಮೇಲಕ್ಕೆ ಗುರಿ. ತಲೆಗೆ ಬೇಡ, ಎದುರಿನಿಂದ ಬೇಡ, ಓಡುವಾಗ ಬೇಡವೇ ಬೇಡ. ಹೃದಯಕ್ಕೆ ಬಿದ್ದರೂ ಅದು 50–100 ಗಜ ಓಡಬಹುದು. ಓಡಿದ ದಿಕ್ಕು ಗುರುತಿಟ್ಟುಕೊಂಡು ಅರ್ಧ ಗಂಟೆ ಅಲುಗದೆ ಕೂರಬೇಕು. ನೆಲದ ಮೇಲೆ ನೊರೆ ನೊರೆಯಾದ ತಿಳಿಗೆಂಪು ರಕ್ತವಿದ್ದರೆ ಶ್ವಾಸಕೋಶಕ್ಕೆ ಬಿದ್ದಿದೆ, ಹತ್ತಿರದಲ್ಲೇ ಸಿಗುತ್ತದೆ. ಕಪ್ಪು ರಕ್ತದ ಜೊತೆ ಹಸಿರು ಮೇವಿನ ಚೂರಿದ್ದರೆ ಹೊಟ್ಟೆಗೆ ಬಿದ್ದಿದೆ. ಆಗ ಆರು ಗಂಟೆಯಾದರೂ ಕಾಯಬೇಕು. ಬೇಗ ಬೆನ್ನಟ್ಟಿದರೆ ಅದು ಮತ್ತೆ ಎದ್ದು ಓಡಿ ಕೈಗೆ ಸಿಗದೇ ಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನಸ್ಸಿನ ಮಾತು: ಬಂದೂಕು ಮುಟ್ಟದವರಿಗೆ ನವೆಂಬರ್ ತೀರ ಹತ್ತಿರ. ಈ ವರ್ಷ ಗೆಳೆಯರ ಜೊತೆ ಬರಿಗೈಯಲ್ಲಿ ಹೋಗಿ ನೋಡಲಿ. ಕೈಬಂದೂಕು ಮುಂದಿನ ವರ್ಷಕ್ಕಿರಲಿ.

ಪ್ರಶ್ನೆ: ಡಲ್ಲಾಸ್‌ನಲ್ಲಿರುವ ಅಳಿಯಂದಿರ ಬಳಿ 9 ಎಂಎಂ ಪಿಸ್ತೂಲು ಇದೆ. ಜಿಂಕೆಗೆ ಅದೇ ಸಾಲದೇ?
(ಓದುಗರು, ಚಿಂತಾಮಣಿ)

ಉತ್ತರ: ಸಾಲದು. ಅದರ ಶಕ್ತಿ 500 ಜೂಲ್ ಒಳಗೆ, ಗುಂಡು 8 ಗ್ರಾಂ ಆಸುಪಾಸು. ಟೆಕ್ಸಾಸ್ ನಿಯಮ ಅದನ್ನು ತಡೆಯುವುದಿಲ್ಲ, ಆದರೆ ಭುಜದ ಮೂಳೆ ಅಡ್ಡ ಬಂದರೆ ಗುಂಡು ಒಳಗೆ ಮುಟ್ಟುವ ಭರವಸೆಯಿಲ್ಲ. ಪಿಸ್ತೂಲೇ ಇಷ್ಟವೆಂದರೆ 10 ಎಂಎಂ ಆಟೋ ಇದೆ, 180 ಗ್ರೇನಿಗೆ 800 ಜೂಲ್ ದಾಟುತ್ತದೆ. ಅದನ್ನೂ 50 ಗಜದೊಳಗೇ ಬಳಸಬೇಕು.

ಪ್ರಶ್ನೆ: ನನಗೆ ಆತ್ಮರಕ್ಷಣೆಗೆ .32 ರಿವಾಲ್ವರ್ ಲೈಸೆನ್ಸ್ ಇದೆ. ಕೃಷ್ಣಮೃಗಗಳು ರಾತ್ರೋರಾತ್ರಿ ಕಡಲೆಕಾಯಿ ಹೊಲ ಮೇಯ್ದು ಹೋಗುತ್ತಿವೆ. ನನ್ನ ಹೊಲದೊಳಗೇ ಹೊಡೆದರೆ ತಪ್ಪೇ?
(ಓದುಗರು, ಶಿರಾ)

ಉತ್ತರ: ತಪ್ಪು, ದಯವಿಟ್ಟು ಆ ಯೋಚನೆ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲ ಅನುಸೂಚಿಯಲ್ಲಿದೆ. ನಿಮ್ಮ ಪಕ್ಕದ ಬುಕ್ಕಾಪಟ್ಟಣದ ಚಿಂಕಾರವೂ ಅದರಲ್ಲೇ. ಈ ಪ್ರಾಣಿಗಳನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬೇಕಾದರೂ ಮನುಷ್ಯರ ಪ್ರಾಣಕ್ಕೆ ಅಪಾಯವಿರಬೇಕು, ಇಲ್ಲವೇ ಪ್ರಾಣಿ ಗುಣವಾಗದ ಗಾಯ ಅಥವಾ ಕಾಯಿಲೆಯಲ್ಲಿರಬೇಕು. ಬೆಳೆ ಹಾನಿ ಆ ಪಟ್ಟಿಯಲ್ಲೇ ಇಲ್ಲ. ಹೊಲ ನಿಮ್ಮದಾದರೂ ಪ್ರಾಣಿ ಸರ್ಕಾರದ್ದು. ಶಿಕ್ಷೆ ಮೂರರಿಂದ ಏಳು ವರ್ಷ ಜೈಲು ಮತ್ತು ಕನಿಷ್ಠ 25,000 ರೂಪಾಯಿ ದಂಡ, ಲೈಸೆನ್ಸೂ ಹೋಗುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಮೀಸಲು ಪ್ರದೇಶದ ವಿಸ್ತೀರ್ಣ 798 ಎಕರೆ ಮಾತ್ರ. ಅಲ್ಲಿನ ಕೃಷ್ಣಮೃಗಗಳು ಸುತ್ತಲಿನ ಹೊಲಗಳಿಗೂ ಇಳಿಯುತ್ತವೆ. ರೈತರ ನಷ್ಟ ನಿಜ, ಅದರ ಭಾರ ರೈತರೊಬ್ಬರ ತಲೆಯ ಮೇಲೇ ಬೀಳಬಾರದು ಎಂಬುದೂ ನಿಜ.

ಕಾನೂನು ಪಕ್ಕಕ್ಕಿಟ್ಟು ನೋಡಿದರೂ, .32 ರಿವಾಲ್ವರ್‌ನ ಗುಂಡಿನ ಶಕ್ತಿ 150 ಜೂಲ್ ಆಸುಪಾಸು. ಮೇಲೆ ಜಿಂಕೆಗೆ ಕೆಳಮಿತಿ ಎಂದ .357ರ ಐದನೇ ಒಂದು ಭಾಗ. ಅದು ಕೊಲ್ಲುವುದಿಲ್ಲ, ಹುಣ್ಣು ಮಾಡಿ ಓಡಿಸುತ್ತದೆ. ಗುರಿ ತಪ್ಪಿದ ಗುಂಡು ಬದುವಿನ ಆಚೆ ನೀರು ಹಾಯಿಸುತ್ತಿರುವವರಿಗೆ ಬಡಿಯಬಹುದು.

ಬೇಲಿಗೆ ಸೋಲಾರ್ ಎನರ್ಜೈಸರ್ ಹಾಕಿಸಿ. ಅದು ಸೆಕೆಂಡಿಗೊಮ್ಮೆಯಷ್ಟೇ ಕ್ಷಣಮಾತ್ರದ ಮಿಡಿತ ಕೊಡುತ್ತದೆ, ಬೆದರಿಸುತ್ತದೆ, ಕೊಲ್ಲುವುದಿಲ್ಲ. ಶಿರಾ, ಪಾವಗಡದ ಒಣಮಣ್ಣಿನಲ್ಲಿ ಬೇಲಿ ಕೈಕೊಡುವುದು ಹೆಚ್ಚಾಗಿ ಅರ್ಥಿಂಗ್‌ನಿಂದ. ಆರಡಿಯ ಮೂರು ರಾಡುಗಳನ್ನು ಹತ್ತಡಿ ಅಂತರದಲ್ಲಿ ಹೂಳಿ, ಬೇಸಿಗೆಯಲ್ಲಿ ಬುಡಕ್ಕೆ ನೀರು ಹಾಕಿ. ಆಗಲೂ ಶಾಕ್ ಸಪ್ಪೆಯಾದರೆ ಒಂದು ತಂತಿ ಬಿಟ್ಟು ಒಂದನ್ನು ಅರ್ಥಿಗೆ ಜೋಡಿಸಿ. ಪ್ರಾಣಿ ಎರಡು ತಂತಿಯನ್ನು ಒಟ್ಟಿಗೆ ತಾಗಿದಾಗ ನೆಲ ಒಣಗಿದ್ದರೂ ಹೊಡೆಯುತ್ತದೆ. ಕೃಷ್ಣಮೃಗ ಬೇಲಿ ಹಾರುವುದಕ್ಕಿಂತ ನುಸುಳುವುದೇ ಹೆಚ್ಚು, ಆದ್ದರಿಂದ ಕೆಳಗಿನ ತಂತಿಗಳು ಒತ್ತಾಗಿರಲಿ, ಹುಲ್ಲು ತಾಗದಂತೆ ಸವರುತ್ತಿರಿ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡಬೇಡಿ. ಅದರಲ್ಲಿ ಮನೆಯವರೇ ಸತ್ತ ಉದಾಹರಣೆಗಳಿವೆ. ಹಾನಿಯಾದ ಕೂಡಲೇ ಫೋಟೊ ತೆಗೆದು, ಪಹಣಿ ಜೊತೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಹೆಜ್ಜೆ ಗುರುತು ಅಳಿಸುವ ಮೊದಲೇ ಕೊಟ್ಟರೆ ಒಳ್ಳೆಯದು.

ಪ್ರಶ್ನೆ: ಕಾಡುಹಂದಿ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ಕೇಳಬೇಕೆಂದಿದ್ದೇನೆ. ಪಿಸ್ತೂಲು ಕೊಡುತ್ತಾರೆಯೇ?
(ಓದುಗರು, ಮುಳಬಾಗಿಲು)

ಉತ್ತರ: ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಹೇಳುವುದು ಬಾಯಿಂದ ಮದ್ದು ತುಂಬುವ ನಾಡಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಕೆಯ ಬಂದೂಕು. ಅರ್ಜಿ ಎ-1 ನಮೂನೆಯಲ್ಲಿ, ಪಹಣಿ ಸಮೇತ ಡಿಸಿ ಕಚೇರಿಗೆ. ಪೊಲೀಸ್ ವರದಿ ಬರುವವರೆಗೆ ಕಾಯಬೇಕು. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯೂ ಬೇಕು. ಕೋವಿಯ ಲೈಸೆನ್ಸು ಬೇಟೆಯ ಅನುಮತಿಯಲ್ಲ. ಹಂದಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವುದರಿಂದ ನಿಂತ ಬೆಳೆಗೆ ಅಪಾಯವೆಂದು ತೋರಿಸಿ ಅದೇ ಕಾಯ್ದೆಯ 11ನೇ ಸೆಕ್ಷನ್ ಅಡಿ ಅರಣ್ಯ ಇಲಾಖೆಯ ಲಿಖಿತ ಆದೇಶ ಪಡೆಯಲು ದಾರಿಯಿದೆ. ಆ ಕಾಗದ ಕೈಗೆ ಬರುವ ಮುನ್ನ ಹಂದಿಗೆ ಗುಂಡು ಹಾರಿಸಬೇಡಿ.

ಪ್ರಶ್ನೆ: ಪಿಯುಸಿ ಓದುವ ಮಗಳಿಗೆ ಪಿಸ್ತೂಲು ಶೂಟಿಂಗ್ ಆಸೆ. ಲೈಸೆನ್ಸ್ ಇಲ್ಲದೆ ಕಲಿಸಬಹುದೇ?
(ಓದುಗರು, ಕೋಲಾರ)

ಉತ್ತರ: ಖಂಡಿತ. 10 ಮೀಟರ್ ಸ್ಪರ್ಧೆಯ ಏರ್ ಪಿಸ್ತೂಲಿನ ಬೋರ್ 4.5 ಮಿಲಿಮೀಟರ್, ಅಂದರೆ .177. ಬೋರ್ ಇದಕ್ಕಿಂತ ದೊಡ್ಡದಾಗಿರದೆ, ಶಕ್ತಿ 20 ಜೂಲ್ ಮೀರದಿದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಮೊದಲ ತಿಂಗಳು ಪೆಲೆಟ್ ಹಾಕದೆ, ಬಿಳಿ ಗೋಡೆಯ ಮುಂದೆ ನಿಂತು ಟ್ರಿಗರ್ ಎಳೆಯುವುದನ್ನಷ್ಟೇ ಅಭ್ಯಾಸ ಮಾಡಲಿ, ದಿನಕ್ಕೆ 20 ನಿಮಿಷ. ಪಿಸ್ತೂಲಿನ ಮುಂದಿನ ಗುರಿಗುಬ್ಬಿ ಅಲುಗದಂತೆ ಟ್ರಿಗರ್ ಬಿಡುವುದು ಬಂದ ಮೇಲೆ ಗುರಿಹಲಗೆ ಇಡಿ. ಓತಿಕ್ಯಾತ, ಕೋತಿ, ಹಕ್ಕಿಗಳ ಮೇಲೆ ಅದನ್ನು ಎಂದೂ ಪ್ರಯೋಗಿಸದಂತೆ ಮೊದಲ ದಿನವೇ ಹೇಳಿ.