ಕಾಫಿ ತೋಟದ ರೈಟ್ರು (ಲೆಕ್ಕ ಬರೆಯುವವರು) ಕಾಫಿ ತಳಿಯೊಂದರ ಹೆಸರನ್ನು ‘ಚಂದ್ರಗಿರಿ (’ ಅಂತ ಹುಡುಕಿದರೆ ನನ್ನ ಪೈಥಾನ್ ಪ್ರೋಗ್ರಾಂ ಯಾಕೆ ನಿಂತುಹೋಗುತ್ತದೆ?

ಆ ಬ್ರಾಕೆಟ್ ಮುಚ್ಚಿಲ್ಲ, ಅಷ್ಟೇ. ಹುಡುಕುವ ಮೊದಲೇ ಪ್ಯಾಟರ್ನನ್ನು ‘ಟ್ರೈ’ ಒಳಗೆ ಕಂಪೈಲ್ ಮಾಡಿ, ತಪ್ಪು ಬಂದರೆ ‘ಎಕ್ಸೆಪ್ಟ್’ನಲ್ಲಿ ಹಿಡಿಯಿರಿ.

ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ, ಅಂದರೆ ಹುಡುಕಾಟದ ಪ್ಯಾಟರ್ನ್ ಭಾಷೆಗೆ, ಬ್ರಾಕೆಟ್ ಬರೀ ಗುರುತಲ್ಲ. ‘ಇಲ್ಲಿಂದ ಒಂದು ಗುಂಪು ಶುರು’ ಅನ್ನುವ ಸೂಚನೆ. ಗುಂಪು ಮುಗಿಯದಿದ್ದರೆ ಹುಡುಕಾಟ ಶುರುವಾಗುವುದೇ ಇಲ್ಲ. ತೆರೆಯ ಮೇಲಿನ ಹಳೇ ಪಟ್ಟಿ ಹಾಗೇ ಇರಲಿ, ಕೆಳಗೆ ‘ಬ್ರಾಕೆಟ್ ಮುಚ್ಚಿಲ್ಲ, ನೋಡಿ’ ಅಂತ ತೋರಿಸಿ. ಖಾಲಿ ಪಟ್ಟಿ ಮಾತ್ರ ಬೇಡ. ಗೋಡೌನಿನಲ್ಲಿ ಮಾಲೇ ಇಲ್ಲ ಅಂದುಕೊಳ್ಳುತ್ತಾರೆ!

ನನ್ನ ಕೇಳಿದರೆ, ಚಿಕ್ಕಮಗಳೂರಿನ ಕಾಫಿ ತೋಟದ ಲೆಕ್ಕಕ್ಕೆ ಪ್ಯಾಟರ್ನೇ ಜಾಸ್ತಿಯಾಯಿತು. ಟೈಪ್ ಮಾಡಿದ್ದನ್ನು ಮೊದಲು ಪೈಥಾನಿನ ‘ರೀ.ಎಸ್ಕೇಪ್’ (re.escape) ಫಂಕ್ಷನ್‌ಗೆ ಕೊಡಿ. ಆಗ ಬ್ರಾಕೆಟ್ ಸುಮ್ನೆ ಬ್ರಾಕೆಟ್ಟೇ. ‘ಎಸ್.795’ ಅನ್ನುವ ಕಾಫಿ ತಳಿಯ ಹೆಸರಿನ ಚುಕ್ಕಿಯೂ ಚುಕ್ಕಿಯಾಗೇ ಉಳಿಯುತ್ತದೆ. ಇಲ್ಲದಿದ್ದರೆ ಅದು ಯಾವ ಅಕ್ಷರ ಬಂದರೂ ಸೈ ಅನ್ನುತ್ತದೆ.