ಒಂದರ ಹಿಂದೆ ಒಂದು ಬರುವ ಸೌರ ಸ್ಫೋಟಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಬಹುದಾ?

ಎರಡು ಸೌರ ಸ್ಫೋಟ (ಅಂದರೆ ಸೂರ್ಯನಿಂದ ಚಿಮ್ಮಿ ಬರುವ, ಕಾಂತಕ್ಷೇತ್ರ ಹೊತ್ತ ಬಿಸಿ ಅನಿಲದ ಮೋಡ), ಅವು ಭೂಮಿಗೆ ಯಾವಾಗ ತಲುಪುತ್ತವೆ ಅಂತ ಎರಡಕ್ಕೂ ಬೇರೆ ಬೇರೆ ಲೆಕ್ಕ, ಅದಕ್ಕೆ ಯಾವ ಮಾಡೆಲ್ ಒಳ್ಳೆಯದು ಅಂತ ಕೇಳಿದ್ದೀರಿ. ಗೌರಿಬಿದನೂರಿನ ನಮ್ಮ ಮನೆಯಲ್ಲಿ ಕೂತು ನಾನೂ ಇದನ್ನೇ ಮಾಡಿದ್ದೆ. ಅದರಿಂದ ಎಂಎಸ್ಸಿ ಪ್ರಾಜೆಕ್ಟು ಆರು ತಿಂಗಳು ತಡವಾಯಿತು.

2024ರ ಮೇ ತಿಂಗಳಲ್ಲಿ 13664 ಎಂಬ ಸೂರ್ಯಕಲೆಗಳ ಗುಂಪಿನಿಂದ ಸಾಲು ಸಾಲಾಗಿ ಸ್ಫೋಟಗಳು ನಮ್ಮ ಕಡೆ ಹೊರಟವಲ್ಲ, ಅವುಗಳಲ್ಲಿ ಐದನ್ನು ತೆಗೆದುಕೊಂಡಿದ್ದೆ. ಎಕ್ಸೆಲ್‌ನಲ್ಲಿ ಐದು ಸಾಲು. ಹೊರಟ ಹೊತ್ತು, ಹೊರಟಾಗಿನ ವೇಗ, ದಾರಿಯಲ್ಲಿ ಸಿಗುವ ಸೌರ ಮಾರುತದ (ಸೂರ್ಯನಿಂದ ಸದಾ ಬೀಸುವ ಕಣಗಳ ಹರಿವಿನ) ವೇಗ ಸೆಕೆಂಡಿಗೆ 400 ಕಿ.ಮೀ. ತಲುಪುವ ಹೊತ್ತೂ ಐದು ಬಂದವು. ಉಪಗ್ರಹದ ದತ್ತಾಂಶ ತೆಗೆದು ನೋಡಿದರೆ ಐದು ಏಟುಗಳೇ ಇಲ್ಲ! ಮೇ 10ರ ರಾತ್ರಿ ನಮ್ಮ ಗಂಟೆ ಹತ್ತೂವರೆ ಸುಮಾರಿಗೆ ಒಂದು ದೊಡ್ಡ ಏಟು, ಅದರ ಹಿಂದೆ ಬಿಡಿಸಲಾಗದ ಗೋಜಲು.

ತಪ್ಪು ಆ 400ರಲ್ಲಿತ್ತು. ಮೊದಲ ಸಾಲಿಗೆ ಅದು ಸರಿ. ಎರಡನೆಯದಕ್ಕೆ ಅದೇ ಅಂಕಿ ಯಾಕೆ ಹಾಕಿದೆ? ಅದರ ಮುಂದಿನ ದಾರಿಯನ್ನು ಮೊದಲನೆಯದು ಆಗಲೇ ಗುಡಿಸಿಕೊಂಡು ಹೋಗಿತ್ತು. ನಮ್ಮ ಉತ್ತರ ಪಿನಾಕಿನಿಯಲ್ಲಿ ಅಪರೂಪಕ್ಕೆ ನೀರು ಬಂದಾಗ ನೋಡಿದ್ದೀರಾ? ಮೊದಲ ನೀರನ್ನು ಒಣ ಮರಳು ಕುಡಿಯುತ್ತೆ, ಅದು ತೆವಳಿಕೊಂಡು ಬರುತ್ತೆ. ಹಿಂದಿನ ನೀರು ನೆನೆದ ಮರಳಿನ ಮೇಲೆ ಸರಸರನೆ ಬಂದು ಮುಂದಿನದನ್ನು ಹಿಡಿಯುತ್ತೆ. ಇಲ್ಲೂ ಹಾಗೇ. ಎರಡನೆಯದಕ್ಕೆ ತಡೆ ಕಡಿಮೆ, ಅದರ ವೇಗ ಅಷ್ಟಾಗಿ ಇಳಿಯುವುದಿಲ್ಲ. ಹಿಡಿದ ಮೇಲೆ ಮುಂದಿನದನ್ನು ತಳ್ಳುತ್ತೆ, ತಾನು ನಿಧಾನವಾಗುತ್ತೆ. ಅಂದರೆ ಎರಡು ಸಾಲಿನ ಉತ್ತರವೂ ಕೆಡುತ್ತೆ. ಮಧ್ಯೆ ಸಿಕ್ಕಿದ ಕಾಂತಕ್ಷೇತ್ರ ಹಿಂಡಿಹೋಗಿ ಬಲವಾಗುತ್ತೆ. ಅದು ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯ ಕಾಂತಕ್ಷೇತ್ರದಲ್ಲಿ ಏಳುವ ಬಿರುಗಾಳಿ ಜಾಸ್ತಿ. ಅವತ್ತು ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದು ನೆನಪಿದೆ ಅಲ್ವಾ? 2003ರ ನಂತರ ಅಷ್ಟು ದೊಡ್ಡ ಬಿರುಗಾಳಿ ಬಂದಿರಲಿಲ್ಲ.

ನಮ್ಮ ಗೈಡ್ ಬೈಯಲಿಲ್ಲ. ಗ್ರಾಫ್ ಹಾಳೆ ತೆಗೆದು, ಅಡ್ಡಕ್ಕೆ ಗಂಟೆ, ಉದ್ದಕ್ಕೆ ದೂರ ಬರೆದು, ನನ್ನದೇ ಅಂಕಿಗಳಿಂದ ಪೆನ್ಸಿಲಿನಲ್ಲಿ ಗೆರೆ ಎಳೆದರು. ಭೂಮಿಗೆ ಬರುವ ಮೊದಲೇ ಗೆರೆಗಳು ಒಂದನ್ನೊಂದು ದಾಟಿದವು. ಆ ಗೆರೆ ನಾನು ಎಳೆದೇ ಇರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಮಾಡೆಲ್ ಅನ್ನೋದು ಆಮೇಲಿನ ಮಾತು. ಮೊದಲು ಗೆರೆ ಎಳೆಯಿರಿ. ದಾಟಿದ ಜಾಗದಿಂದ ಮುಂದೆ ನಿಮ್ಮ ಬಳಿ ಎರಡು ಸ್ಫೋಟ ಇಲ್ಲ.

ನಮ್ಮೂರಿನ ರೇಡಿಯೊ ವೀಕ್ಷಣಾಲಯದ ದತ್ತಾಂಶದಲ್ಲಿ ಈ ಡಿಕ್ಕಿಯನ್ನು ಹುಡುಕಬೇಡಿ. ಅಲ್ಲಿನ ಆಂಟೆನಾಗಳು ಸೂರ್ಯನ ಹತ್ತಿರದ್ದನ್ನು ಚೆನ್ನಾಗಿ ಹಿಡಿಯುತ್ತವೆ. ದೂರದ ಡಿಕ್ಕಿಯ ರೇಡಿಯೊ ಅಲೆಗಳ ಕಂಪನಾಂಕ ತೀರಾ ಕಡಿಮೆ, ಅವು ಅಯಾನುಗೋಳ (ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರ) ದಾಟಿ ಕೆಳಗಿಳಿಯುವುದಿಲ್ಲ. 2001ರಲ್ಲಿ ಸೌರ ವಿಜ್ಞಾನಿ ಗೋಪಾಲಸ್ವಾಮಿ ಅವರ ತಂಡ ಒಂದು ಸ್ಫೋಟ ಇನ್ನೊಂದನ್ನು ನುಂಗಿದ್ದನ್ನು ಗುರುತಿಸಿದ್ದು ಕೂಡ ಬಾಹ್ಯಾಕಾಶದಲ್ಲಿದ್ದ ‘ವಿಂಡ್’ ನೌಕೆಯ ರೇಡಿಯೊ ಸಂಕೇತಗಳ ನೆರವಿನಿಂದ.

ಇನ್ನೊಂದು. ನಿಮ್ಮ ಮೊದಲ ಸ್ಫೋಟಕ್ಕಿಂತ ನಾಲ್ಕೈದು ದಿನ ಹಿಂದಿನಿಂದ ಪಟ್ಟಿ ನೋಡಿ. 2012ರ ಜುಲೈ 23ರ ಸ್ಫೋಟ ಸೂರ್ಯನನ್ನು ಗಮನಿಸುವ ಸ್ಟೀರಿಯೊ-ಎ ನೌಕೆಯನ್ನು 19 ಗಂಟೆಯೊಳಗೆ ಮುಟ್ಟಿತು. ದಾರಿ ಖಾಲಿ ಮಾಡಿಕೊಟ್ಟಿದ್ದು 19ನೇ ತಾರೀಖಿನದು.